ಸಂತೇಮರಹಳ್ಳಿ ಕ್ಷೇತ್ರ ಎಲ್ಲಿಗೆ ಹೋಯ್ತು?

ಪ್ರಶ್ನೆ: ಸರ್, ನಮ್ದು ಯಳಂದೂರು ಕಡೆ ಹಳ್ಳಿ. ನಮ್ಮಪ್ಪ ಸಂತೇಮರಹಳ್ಳಿ ಕ್ಷೇತ್ರ ಅಂತ ಓಟ್ ಹಾಕ್ತಿದ್ರು, ನಾನು ಕೊಳ್ಳೇಗಾಲ ಅಂತ ಹಾಕ್ತೀನಿ, ಊರು ಮಾತ್ರ ಇದ್ದಲ್ಲೇ ಇದೆ. ಈಗ ಮತ್ತೆ ಕ್ಷೇತ್ರ ಚೇಂಜ್ ಆಗುತ್ತಂತೆ, ನಿಜಾನಾ? ಆದ್ರೆ ರೇಷನ್ ಕಾರ್ಡ್, ಪಹಣಿ ಎಲ್ಲಾ ತಿದ್ದಿಸ್ಬೇಕಾ?
- ಓದುಗ, ಯಳಂದೂರು ತಾಲ್ಲೂಕು

ಉತ್ತರ: ರೇಷನ್ ಕಾರ್ಡು, ಪಹಣಿ ತಂಟೆಗೆ ಯಾರೂ ಬರಲ್ಲ, ಆರಾಮಾಗಿರಿ. ತಾಲ್ಲೂಕು ಬೇರೆ, ಎಮ್ಮೆಲ್ಲೆ ಕ್ಷೇತ್ರ ಬೇರೆ. ನಿಮ್ಮ ಸಂತೇಮರಹಳ್ಳಿ ಸಾಮಾನ್ಯ ಕ್ಷೇತ್ರ ಅಲ್ಲ ಮಾರಾಯ್ರೇ, 2004ರಲ್ಲಿ ಕಾಂಗ್ರೆಸ್‌ನ ಧ್ರುವನಾರಾಯಣಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಗೆ 40,751, ಧ್ರುವನಾರಾಯಣ ಒಂದೇ ಒಂದು ಓಟಲ್ಲಿ ಗೆದ್ದಿದ್ದು, ಕೃಷ್ಣಮೂರ್ತಿಯವರ ಡ್ರೈವರ್‌ಗೇ ಅವತ್ತು ಓಟ್ ಹಾಕೋಕೆ ಆಗ್ಲಿಲ್ಲ ಅಂತ ಜನ ಈಗ್ಲೂ ಹೇಳ್ತಾರೆ. ಅಷ್ಟು ಜಿದ್ದಾಜಿದ್ದಿ ನಡೆದ ಕ್ಷೇತ್ರ ಮುಂದಿನ ಎಲೆಕ್ಷನ್ ಹೊತ್ತಿಗೆ ಲಿಸ್ಟಲ್ಲೇ ಇಲ್ಲ! 2008ರಲ್ಲಿ ಧ್ರುವನಾರಾಯಣ ಕೊಳ್ಳೇಗಾಲದಿಂದ ಗೆದ್ರು, ಕೃಷ್ಣಮೂರ್ತಿನೂ 2023ರಲ್ಲಿ ಅಲ್ಲಿಂದಾನೇ ವಿಧಾನಸಭೆಗೆ ಹೋದ್ರು.

ಯಾಕೆ ಹಿಂಗಾಯ್ತು ಅಂದ್ರೆ, ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸೋ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಇಟ್ಕೊಂಡು ಗೆರೆ ಎಳೀತು, ಆದ್ರೆ ರಾಜ್ಯದ ಒಟ್ಟು ಸೀಟು 224 ದಾಟಂಗಿಲ್ಲ, ಬೆಂಗಳೂರಲ್ಲಿ ಜನ ತುಂಬ್ಕೊಂಡು ಅಲ್ಲಿ ಸೀಟು 28 ಆದ್ವು, ಅದಕ್ಕೆ ಜಾಗ ಎಲ್ಲಿಂದ ಬರ್ಬೇಕು, ಹಳ್ಳಿ ಕಡೆಯಿಂದಾನೇ ತಾನೆ. ಸಾತನೂರು, ಬನ್ನೂರು, ಕಿರುಗಾವಲು ಎಲ್ಲಾ ಹೋದ್ವು. ಡಿ.ಕೆ. ಶಿವಕುಮಾರ್ ಅಂಥೋರೂ ಸಾತನೂರು ಬಿಟ್ಟು ಕನಕಪುರಕ್ಕೆ ಬರ್ಬೇಕಾಯ್ತು. ದೊಡ್ಡೋರು ಹೆಂಗೋ ಇನ್ನೊಂದು ಸೀಟು ನೋಡ್ಕೋತಾರೆ ಬಿಡಿ, ಹಳ್ಳಿಯೋರಿಗೇ ಪರಿಚಯ ಇದ್ದ ಎಮ್ಮೆಲ್ಲೆ ತಪ್ಪಿ ಹೊಸಬರ ಮನೆ ಬಾಗ್ಲು ಹುಡುಕೋ ಕೆಲಸ.

ಮತ್ತೆ ಆಗುತ್ತಾ ಅಂದ್ರಲ್ಲ, ಈಗಿರೋ ಗಡಿ 2026 ಆದ್ಮೇಲಿನ ಮೊದಲ ಜನಗಣತಿ ಲೆಕ್ಕ ಬರೋವರೆಗೂ ಅಂತ ಸಂವಿಧಾನದ 84ನೇ ತಿದ್ದುಪಡೀಲಿ ಇದೆ, ಆಮೇಲೆ ಗೆರೆ ಅಲುಗಾಡೋದೇ. ಹೊಸ ಗಡಿಗಳ ಕರಡು ಪ್ರಕಟ ಆದಾಗ ನಿಮ್ಮ ಹೋಬಳಿ ಯಾವ ಕ್ಷೇತ್ರದ ಕೆಳಗಿದೆ ಅಂತ ಮೊದ್ಲು ನೋಡಿ, ಬಹುಪಾಲು ಹೋಬಳಿ ಲೆಕ್ಕದಲ್ಲೇ ಅತ್ಲಾಗೆ ಇತ್ಲಾಗೆ ಹಾಕೋದು. ಒಪ್ಪಿಗೆ ಇಲ್ದಿದ್ರೆ ಆಕ್ಷೇಪಣೆ ಬರೆದು ಕೊಡಿ, ಸಾರ್ವಜನಿಕ ಸಭೆಗೆ ನಾಲ್ಕು ಜನ ಸೇರ್ಕೊಂಡು ಹೋಗಿ. ಫೈನಲ್ ಆದೇಶ ಬಂದ್ಮೇಲೆ ಕೋರ್ಟಿಗೆ ಹೋಗ್ತೀನಿ ಅಂದ್ರೆ ಕ್ಷೇತ್ರ ವಿಂಗಡಣೆಯನ್ನ ಕೋರ್ಟಲ್ಲಿ ಪ್ರಶ್ನೆ ಮಾಡೋದನ್ನ ತಡೆಯೋ ಸಂವಿಧಾನದ 329ನೇ ವಿಧಿ ಅಡ್ಡ ನಿಲ್ಲುತ್ತೆ.