ಇಂಜೆಕ್ಷನ್ ನಡೆಯುತ್ತಿರುವಾಗ ಸೀಮಂತಕ್ಕೆ ಹೋಗಬೇಕಾ?

ಐವಿಎಫ್, ಅಂದರೆ ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಳ್ಳುವ ದಂಪತಿಗಳ ಜೊತೆ ಕೆಲಸ ಮಾಡುತ್ತೇನೆ. ಕೊರೋನಾ ಕಾಲದಲ್ಲಿ ಒಂದೇ ಕಷ್ಟವನ್ನು ಎಷ್ಟೋ ಮನೆಗಳಿಂದ ಕೇಳಿದೆ. ಆಗ ಕ್ಲಿನಿಕ್‌ನಲ್ಲಿ ಜ್ವರ ನೋಡುತ್ತಿದ್ದರು, ಒಬ್ಬರನ್ನೇ ಒಳಗೆ ಬಿಡುತ್ತಿದ್ದರು, ಅಂಡಾಣು ತೆಗೆಯುವ ಮುಂಚೆ ಆರ್‌ಟಿಪಿಸಿಆರ್ ಕೊರೋನಾ ಪರೀಕ್ಷೆ ಕೇಳುತ್ತಿದ್ದರು. ಅಲ್ಲಿ ಇಷ್ಟೆಲ್ಲ ಇತ್ತು. ಆದರೆ ಮನೆಯವರಿಗೆ ಹೇಳದೆ ಚಿಕಿತ್ಸೆ ಪಡೆಯುವವರು ಮನೆಯಲ್ಲಿ ಹುಷಾರಾಗಿರುವುದು ಹೇಗೆ? ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

2021ರ ಮಾರ್ಚ್. ಬೆಂಗಳೂರಿನಲ್ಲಿ ಕೇಸುಗಳು ಮತ್ತೆ ಏರುತ್ತಿದ್ದವು. ಆಕೆಗೆ 36 ವರ್ಷ. ವಿಜಯನಗರದಲ್ಲಿ ಗಂಡ, ಅತ್ತೆ ಜೊತೆ ವಾಸ. ಹಿಂದಿನ ವರ್ಷದ ಲಾಕ್‌ಡೌನ್‌ನಲ್ಲಿ ನಿಂತುಹೋದ ಚಿಕಿತ್ಸೆ ಈಗ ಶುರುವಾಗಿತ್ತು. ಇನ್ನಷ್ಟು ಕಾಯುವ ವಯಸ್ಸಲ್ಲ ಎಂದು ಡಾಕ್ಟರ್ ಹೇಳಿದ್ದರು.

ಆಕೆ ಫೋನ್ ಮಾಡುತ್ತಿದ್ದದ್ದು ಟೆರೇಸ್‌ನಿಂದ. ಇಂಜೆಕ್ಷನ್‌ಗಳನ್ನು ಫ್ರಿಜ್‌ನಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿದ್ದರು. ಅದು ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ ಇಂಜೆಕ್ಷನ್. ನರ್ಸ್ ಒಂದು ಸಲ ತೋರಿಸಿಕೊಟ್ಟರೆ ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ ಸ್ಪಿರಿಟ್ ವಾಸನೆ ಅತ್ತೆಗೆ ಗೊತ್ತಾಗುತ್ತದೆ ಅಂತ, ತರಕಾರಿ ತರುವ ನೆಪ ಹೇಳಿ ದಿನಾ ಸಂಜೆ ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋಗುತ್ತಿದ್ದರು. ಅಲ್ಲಿ ಕೆಮ್ಮುವವರ ಮಧ್ಯೆ ಕೂತು ಕಾಯಬೇಕು.

ಅಷ್ಟರಲ್ಲಿ ಗಂಡನ ಚಿಕ್ಕಪ್ಪನ ಮಗಳ ಸೀಮಂತ ಬಂತು. ಛತ್ರದಲ್ಲಿ ಭಾನುವಾರ. ಎರಡು ಮಾಸ್ಕ್ ಹಾಕಿಕೊಂಡು ಹೋದರೆ ಸಾಕಾ ಎಂದು ಕೇಳಿದರು. ಊಟಕ್ಕೆ ಮಾಸ್ಕ್ ತೆಗೆಯಲೇಬೇಕಲ್ವಾ, ಹೋಗದೇ ಇದ್ದರೆ ಆಗಲ್ವಾ ಅಂದೆ.

"ಕೊರೋನಾ ಬಂದ್ರೆ ಹದಿನೈದು ದಿನದಲ್ಲಿ ಹೋಗುತ್ತೆ ಮೇಡಂ. ಹೊಟ್ಟೆಕಿಚ್ಚಿಗೆ ಬರಲಿಲ್ಲ ಅನ್ನೋ ಮಾತು ಹೋಗಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮಕ್ಕಳಿಲ್ಲದ ಹೆಂಗಸು ಸೀಮಂತಕ್ಕೆ ಹೋದರೂ ಮಾತು, ಹೋಗದಿದ್ದರೂ ಮಾತು. ಸುಮ್ನೆ ಮನೆಯಲ್ಲಿರಿ ಅನ್ನುವುದು ಆಕೆಗೆ ಸಲಹೆಯೇ ಅಲ್ಲ. ಹೋಗದಿರುವುದಕ್ಕೆ ಬಾಯಿಬಿಟ್ಟು ಹೇಳಬಹುದಾದ ಒಂದು ಕಾರಣ ಬೇಕಿತ್ತು. ಆ ಕಾರಣ ಡಬ್ಬಿಯೊಳಗೆ ಬಚ್ಚಿಟ್ಟಿತ್ತು.

ಗಂಡನನ್ನೂ ಮೇಲಕ್ಕೆ ಕರೆಯಿರಿ, ಫೋನ್ ಸ್ಪೀಕರ್‌ಗೆ ಹಾಕಿ ಅಂದೆ. ಅಮ್ಮನಿಗೆ ಹೇಳಿ ಎಂದಾಗ ಅವರು, "ನೀವೇ ಒಂದು ಮಾತು ಹೇಳಿಬಿಡಿ ಮೇಡಂ" ಅಂದರು. ನಾನು ಒಪ್ಪಲಿಲ್ಲ. ನಿಮ್ಮಮ್ಮ, ನೀವೇ ಹೇಳಬೇಕು. ವೀರ್ಯಾಣು ಕಡಿಮೆ ಇದ್ದದ್ದು ಅವರಿಗೆ. ಮನೆಯಲ್ಲಿ ಚುಚ್ಚುಮಾತು ಕೇಳುತ್ತಿದ್ದದ್ದು ಆಕೆ. ರಿಪೋರ್ಟ್ ಓದಿ ಹೇಳುವುದು ಬೇಡ, ಇಷ್ಟು ಹೇಳಿದರೆ ಸಾಕು ಅಂದೆ: "ಅಮ್ಮ, ನಮ್ಮಿಬ್ಬರಿಗೂ ಟ್ರೀಟ್‌ಮೆಂಟ್ ನಡೀತಿದೆ. ಎರಡು ವಾರ ಇಬ್ಬರೂ ಜನ ಸೇರೋ ಕಡೆ ಹೋಗೋ ಹಾಗಿಲ್ಲ."

ಇಬ್ಬರೂ ಅಂದದ್ದು ಬೇಕೆಂದೇ. ಅಂಡಾಣು ಬೆಳೆಸುವ ಇಂಜೆಕ್ಷನ್ ಸುಮಾರು ಹತ್ತು ಹನ್ನೆರಡು ದಿನ ನಡೆಯುತ್ತದೆ. ಮಧ್ಯೆ ಸೋಂಕು ಬಂದರೆ ಆ ಸಲದ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಗಂಡನಿಗೆ ಜೋರು ಜ್ವರ ಬಂದರೆ ಅದರ ಪೆಟ್ಟು ಕೆಲವು ವಾರ, ತಿಂಗಳು ಉಳಿಯಬಹುದು. ಆಫೀಸಿನಲ್ಲಿ ಎಲ್ಲರ ಜೊತೆ ಕೂತು ಊಟದ ಡಬ್ಬಿ ಬಿಚ್ಚುವುದನ್ನೂ ನಿಲ್ಲಿಸಿ ಎಂದು ಗಂಡನಿಗೆ ಹೇಳಿದೆ.

ಗುಟ್ಟು ಕಾಯಬೇಕಾದವರೇ ಗುಟ್ಟು ಬಿಡಿಸುವುದಾ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಹೇಳಬೇಕೋ ಬೇಡವೋ ಎನ್ನುವ ತೀರ್ಮಾನ ಆ ದಂಪತಿಯದೇ. ಹೊಡೆತ ಬಡಿತ ಇರುವ ಮನೆಯಾಗಿದ್ದರೆ ಈ ಮಾತು ಎತ್ತುತ್ತಲೇ ಇರಲಿಲ್ಲ. ಆದರೆ ಗುಟ್ಟಿನಿಂದ ಒಬ್ಬಳು ದಿನಾ ಸೋಂಕಿನ ಎದುರು ಹೋಗಿ ಕೂರುವಂತಾಗಿದೆ ಎಂದರೆ, ಅದನ್ನು ಬಾಯಿಬಿಟ್ಟು ಹೇಳುವುದು ನನ್ನ ಕೆಲಸ. ಈಗಲೂ ಹಾಗೇ ನಂಬುತ್ತೇನೆ.

ಅತ್ತೆಗೆ ಮೊದಲು ಸಿಟ್ಟು ಬಂತಂತೆ, ಇಷ್ಟು ದಿನ ಮುಚ್ಚಿಟ್ಟಿರಲ್ಲ ಅಂತ. ಆಮೇಲೆ ಅವರೂ ಛತ್ರಕ್ಕೆ ಹೋಗಲಿಲ್ಲ. ಸೊಸೆಗೆ ಹುಷಾರಿಲ್ಲ ಎಂದು ಫೋನಿನಲ್ಲೇ ಹೇಳಿ ಮುಗಿಸಿದರು. ಅವರಿಗೆ 60 ದಾಟಿತ್ತು. ಆ ವಯಸ್ಸಿನವರಿಗೆ ಮಾರ್ಚ್ 1ರಿಂದ ಲಸಿಕೆ ಶುರುವಾಗಿತ್ತು, ಅವರು ಹಾಕಿಸಿಕೊಂಡರು. ಇಂಜೆಕ್ಷನ್ ಮನೆಯಲ್ಲೇ ನಡೆಯಿತು. ಭ್ರೂಣಗಳನ್ನು ಫ್ರೀಜ್ ಮಾಡಿ ಇಟ್ಟರು. ಏಪ್ರಿಲ್‌ನಲ್ಲಿ ಎರಡನೇ ಅಲೆ ಜೋರಾದಾಗ, ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮುಂದಿನ ಹಂತವನ್ನು ಡಾಕ್ಟರ್ ಮುಂದೂಡಿದರು. ಮಗು ಆಯಿತಾ ಇಲ್ಲವಾ ಎಂದು ಬರೆಯುವುದಿಲ್ಲ. ಕೊಟ್ಟ ಸಲಹೆಯನ್ನು ಅದರಿಂದ ಅಳೆಯಬಾರದು.

ಈಗ ಚಿಕಿತ್ಸೆಯಲ್ಲಿರುವವರಿಗೆ ಒಂದು ಮಾತು. ಜ್ವರ ಬಂದಾಗ ಮಾತ್ರೆ ನುಂಗಿ ಇಳಿಸಿಕೊಂಡು, ಏನೂ ಹೇಳದೆ ಕ್ಲಿನಿಕ್‌ಗೆ ಹೋಗುವುದು ಬೇಡ. ಅಂಡಾಣು ಪೂರ್ತಿ ಬಲಿಯಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅಂಡಾಣು ತೆಗೆಯಬೇಕು. ಆಗ ನಾಳೆ ನೋಡೋಣ ಅನ್ನಲು ಆಗುವುದಿಲ್ಲ. ಅದಕ್ಕೆ ಮುಂಚೆಯೇ ಗೊತ್ತಾದರೆ ಡಾಕ್ಟರ್‌ಗೆ ದಾರಿಗಳಿವೆ. ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿ.