ದೂರದಲ್ಲಿದ್ದುಕೊಂಡು ಬೆಂಗಳೂರಿನ ಫ್ಲಾಟ್‌ಗಳನ್ನು ಬಾಡಿಗೆಗೆ ಕೊಟ್ಟು ನಿಭಾಯಿಸುವುದು ಹೇಗೆ?

ನೀವು ಜರ್ಮನಿಯಲ್ಲಿದ್ದೀರಿ, ವೈಟ್‌ಫೀಲ್ಡ್ ಕಡೆ ಎರಡು ಫ್ಲಾಟ್‌ಗಳಿವೆ, ಬೆಂಗಳೂರಿನಲ್ಲಿ ನಿಮ್ಮವರು ಎನ್ನುವವರು ಈಗ ಯಾರೂ ಇಲ್ಲ. ಒಂದು ಕಂಪನಿಯವರು ‘ಮನೆ ನಮಗೆ ವಹಿಸಿಬಿಡಿ, ತಿಂಗಳು ತಿಂಗಳು ಹಣ ನಿಮ್ಮ ಖಾತೆಗೆ ಬೀಳುತ್ತದೆ’ ಎನ್ನುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನಾನು ಪುಣೆಯಲ್ಲಿದ್ದೇನೆ. ಕನಕಪುರ ರಸ್ತೆಯಲ್ಲಿ ಒಂದು, ವಿದ್ಯಾರಣ್ಯಪುರದಲ್ಲಿ ಒಂದು ಫ್ಲಾಟನ್ನು ಹಲವು ವರ್ಷಗಳಿಂದ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ನನ್ನ ಉತ್ತರ: ಬೀಗದ ಕೈ ಯಾರಿಗೆ ಬೇಕಾದರೂ ಕೊಡಿ, ಆದರೆ ಕರಾರು ಪತ್ರದಲ್ಲಿ ಬಾಡಿಗೆದಾರ ಎಂದು ಸಹಿ ಹಾಕುವವನು ಆ ಮನೆಯಲ್ಲಿ ಮಲಗಿ ಏಳುವವನೇ ಆಗಿರಲಿ.

ಕಾರಣ ಭೋಗ್ಯ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆಯ ಬದಲು ಕೆಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ಹಣವನ್ನು ವಾಪಸ್ ಪಡೆಯುವ ಪದ್ಧತಿ ನಿಮಗೂ ಗೊತ್ತಿರುತ್ತದೆ. ಮಾಲೀಕ ಮತ್ತು ವಾಸಿಸುವವನ ನಡುವೆ ನೇರವಾಗಿ ನಡೆದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ದೂರದ ಮಾಲೀಕರನ್ನೇ ಹುಡುಕಿಕೊಂಡು ಬರುವ ಮಧ್ಯವರ್ತಿಗಳಿದ್ದಾರೆ. ಅವರು ನಿಮ್ಮಿಂದ ಮನೆಯನ್ನು 28,000 ರೂಪಾಯಿ ಬಾಡಿಗೆಗೆ ಹಿಡಿಯುತ್ತಾರೆ. ಒಳಬಾಡಿಗೆಗೆ ಕೊಡಬಹುದು ಎಂಬ ಒಂದು ಸಾಲು ಕರಾರಿನ ಎಲ್ಲೋ ಮೂಲೆಯಲ್ಲಿರುತ್ತದೆ. ಅದೇ ಮನೆಯನ್ನು ಇನ್ನೊಂದು ಸಂಸಾರಕ್ಕೆ 18 ಲಕ್ಷಕ್ಕೆ ಭೋಗ್ಯಕ್ಕೆ ಹಾಕುತ್ತಾರೆ. ಆ ದುಡ್ಡಿನಲ್ಲೇ ನಿಮಗೆ ಆರೇಳು ತಿಂಗಳು ಚಾಚೂ ತಪ್ಪದೆ ಬಾಡಿಗೆ ಬರುತ್ತದೆ, ನೀವೂ ನಾಲ್ಕು ಜನರಿಗೆ ಅವರ ಹೆಸರು ಹೇಳುತ್ತೀರಿ. ಆಮೇಲೆ ಒಂದು ದಿನ ಹಣವೂ ಇಲ್ಲ, ಫೋನೂ ಇಲ್ಲ.

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದು ನಡೆದಿದೆ. ಮಾಲೀಕರು ಅಮೆರಿಕದಲ್ಲಿ. ನಾನು ಸಂಘದ ಕಚೇರಿಗೆ ಹೋಗಿದ್ದ ಹೊತ್ತಿಗೆ ಆ ಮನೆಯ ಗೃಹಿಣಿ ಬಂದು, ಪ್ಲಾಸ್ಟಿಕ್ ಕವರಿನಿಂದ ಭೋಗ್ಯದ ಕರಾರು ಪತ್ರವನ್ನೂ ಆರ್‌ಟಿಜಿಎಸ್ ಮಾಡಿದ ಬ್ಯಾಂಕಿನ ಚೀಟಿಯನ್ನೂ ತೆಗೆದು ಮೇಜಿನ ಮೇಲೆ ಹರಡಿದರು. ಊರಿನ ಜಮೀನು ಮಾರಿದ ದುಡ್ಡು ಅದು. ಅತ್ತ ಮಾಲೀಕರು ಮೂರು ತಿಂಗಳಿಂದ ಬಾಡಿಗೆ ಬಂದಿಲ್ಲ, ಮನೆ ಖಾಲಿ ಮಾಡಿಸಿ ಎಂದು ಸಂಘಕ್ಕೆ ಇಮೇಲ್ ಮೇಲೆ ಇಮೇಲ್ ಕಳಿಸುತ್ತಿದ್ದರು. ಇಬ್ಬರ ಕಾಗದಗಳೂ ಅಸಲಿ, ನಡುವೆ ನಿಂತಿದ್ದವನೊಬ್ಬನೇ ನಕಲಿ. ಇಂಥ ಮನೆಯಲ್ಲಿರುವವರನ್ನು ಎಬ್ಬಿಸುವುದು ಕಾನೂನಿನಲ್ಲೂ ಸುಲಭವಲ್ಲ, ಮನಸ್ಸಿಗೂ ಸುಲಭವಲ್ಲ.

ಎಲ್ಲ ನಿರ್ವಹಣಾ ಕಂಪನಿಗಳೂ ಹೀಗೆ ಎನ್ನುತ್ತಿಲ್ಲ. ಬಾಡಿಗೆಯಲ್ಲಿ ಇಂತಿಷ್ಟು ಎಂದು ಶುಲ್ಕ ತೆಗೆದುಕೊಂಡು, ಕರಾರನ್ನು ನಿಮ್ಮ ಮತ್ತು ಬಾಡಿಗೆದಾರರ ಹೆಸರಿನಲ್ಲೇ ಮಾಡಿಸಿ, ಅಡ್ವಾನ್ಸನ್ನೂ ಬಾಡಿಗೆಯನ್ನೂ ನೇರ ನಿಮ್ಮ ಖಾತೆಗೇ ಹಾಕಿಸುವವರೂ ಇದ್ದಾರೆ. ಹಾಗಿದ್ದರೆ ಧಾರಾಳವಾಗಿ ಕೊಡಿ. ‘ಖಾತರಿ ಬಾಡಿಗೆ’ ಎಂಬ ಮಾತು ಬಂದ ಕೂಡಲೇ ಮಾತ್ರ ಕಿವಿ ನಿಮಿರಬೇಕು. ಖಾಲಿ ಮನೆಗೂ ಬಾಡಿಗೆ ಕೊಡುತ್ತೇನೆ ಎನ್ನುವವನಿಗೆ ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ.

ನಿಮ್ಮ ಪರವಾಗಿ ಸಹಿ ಹಾಕಲು ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಡಬೇಕಾಗುತ್ತದೆ. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಬಾಡಿಗೆ ಕರಾರಿಗೆ ಸಹಿ, ವಿದ್ಯುತ್ ಮತ್ತು ತೆರಿಗೆ ಕಚೇರಿಗಳ ವ್ಯವಹಾರ, ಇಷ್ಟಕ್ಕೇ ಸೀಮಿತ ಎಂದು ಬರೆಸಿ. ಮಾರುವ, ಅಡವಿಡುವ, ಭೋಗ್ಯಕ್ಕೆ ಹಾಕುವ ಅಧಿಕಾರವಿಲ್ಲ ಎಂಬುದನ್ನೂ ಬಿಡಿಸಿ ಬರೆಸಿ.

ಇನ್ನು ಬೀಗದ ಕೈ ಯಾರಿಗೆ? ಸಂಬಂಧಿಕರಿಗೆ ಬೇಡ ಎನ್ನುವುದು ನನ್ನ ಮತ. ಚಿಕ್ಕಪ್ಪನ ಮಗ ಮೊದಲ ಸಲ ಖುಷಿಯಿಂದ ಹೋಗುತ್ತಾನೆ, ಮೂರನೆಯ ಸಲಕ್ಕೆ ನಿಮ್ಮ ಫೋನ್ ಕಂಡರೆ ಎತ್ತುವುದಿಲ್ಲ. ದುಡ್ಡು ಕೊಡಲು ಸಂಕೋಚ, ಕೇಳಲು ಅವನಿಗೂ ಸಂಕೋಚ. ನನ್ನ ಮನೆಗಳನ್ನು ನೋಡಿಕೊಳ್ಳುವವರು ಕೆಇಬಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ಹಿರಿಯರು. ಒಂದು ಸಲ ಹೋಗಿ ಬಂದರೆ ಇಷ್ಟು ಎಂದು ಗೊತ್ತು ಮಾಡಿದ್ದೇವೆ, ಅಂದೇ ಹಣ ಕಳಿಸುತ್ತೇನೆ.

ಅವರ ಬೆಲೆ ಏನೆಂದು ಒಂದು ಸೋರಿಕೆಯ ವಿಷಯದಲ್ಲಿ ನೋಡಿದೆ. ಕೆಳಗಿನ ಮನೆಯವರು ತಮ್ಮ ಬಚ್ಚಲುಮನೆಯ ಚಾವಣಿಯಲ್ಲಿ ನೀರು ಜಿನುಗುತ್ತಿದೆ ಎಂದು ವಿಡಿಯೋ ಕಳಿಸಿದರು. ಪ್ಲಂಬರ್ ಬಂದವನೇ ನಮ್ಮ ಬಚ್ಚಲಿನ ಟೈಲ್ಸ್ ಪೂರ್ತಿ ಒಡೆದು ಹೊಸದಾಗಿ ಹಾಕಬೇಕು ಎಂದ. ನಮ್ಮ ಹಿರಿಯರು ಹೋಗಿ ರಾತ್ರಿ ಬಚ್ಚಲಿಗೆ ಬರುವ ನೀರಿನ ವಾಲ್ವ್ ಮುಚ್ಚಿಸಿದರು. ಬೆಳಿಗ್ಗೆ ಕೆಳಗೆ ಜಿನುಗು ನಿಂತಿತ್ತು. ಮತ್ತೆ ವಾಲ್ವ್ ತೆಗೆದು, ಯಾರೂ ಸ್ನಾನ ಮಾಡದೆ ನೆಲ ಒಣಗಿರುವಾಗಲೇ ಜಿನುಗು ಶುರುವಾಯಿತು. ಅಂದರೆ ತಪ್ಪು ಟೈಲ್ಸ್ ಸಂದಿನದಲ್ಲ, ಸದಾ ಒತ್ತಡದಲ್ಲಿರುವ ಪೈಪಿನದು. ಗೋಡೆಯಲ್ಲಿ ಅಂಗೈಯಗಲ ಒಡೆದು ಪೈಪು ತಿರುಗುವ ಕಡೆಯ ಒಂದು ಎಲ್ಬೋ ಬದಲಾಯಿಸಿದ್ದಕ್ಕೆ ಎಲ್ಲವೂ ಸರಿಹೋಯಿತು. ಟೈಲ್ಸ್ ಸಂದಿನ ಮೇಲೆ ಅನುಮಾನವಿದ್ದರೆ ಪರೀಕ್ಷೆ ಬೇರೆ: ಬಚ್ಚಲಿನ ಜಾಲಿ ಮುಚ್ಚಿ, ಒಂದು ದಿನ ನೆಲದ ಮೇಲೆ ನೀರು ನಿಲ್ಲಿಸಿ ನೋಡಬೇಕು. ಈ ತಾಳ್ಮೆ ಪುಣೆಯಿಂದ ಫೋನಿನಲ್ಲಿ ಸಿಗುವಂಥದ್ದಲ್ಲ.

ಬಾಡಿಗೆಯನ್ನು ಹಿಂಡಬೇಡಿ. ಮಾರುಕಟ್ಟೆಯಲ್ಲಿ 30,000 ಸಿಗುವ ಕಡೆ ನಾನು 28,000 ಕೇಳುತ್ತೇನೆ. ವರ್ಷಕ್ಕೆ 24,000 ಹೋಯಿತು. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ, ಜೊತೆಗೆ ಬ್ರೋಕರ್ ದಲ್ಲಾಳಿ, ಸುಣ್ಣ ಬಣ್ಣ. ಕಡಿಮೆ ಬಾಡಿಗೆಯಲ್ಲಿರುವವರು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ, ಸಣ್ಣ ದುರಸ್ತಿಗಳನ್ನು ತಾವೇ ಮಾಡಿಸಿಕೊಳ್ಳುತ್ತಾರೆ. ಸಂಸಾರಸ್ಥರಿಗೆ ಮಾತ್ರ ಎಂಬ ಬೋರ್ಡಿನಲ್ಲಿ ನನಗೆ ನಂಬಿಕೆಯಿಲ್ಲ. ಬಾಡಿಗೆಗೆ ಬರುವವರು ಮೊದಲು ಇದ್ದ ಮನೆಯ ಮಾಲೀಕರ ಹತ್ತಿರ ಮಾತಾಡುವುದರಲ್ಲಿ ಇದೆ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವುದನ್ನು ಮರೆಯಬೇಡಿ.

ಅಡ್ವಾನ್ಸ್ ಹತ್ತು ತಿಂಗಳದ್ದು ಎಂಬ ಬೆಂಗಳೂರಿನ ಹಳೆಯ ರೂಢಿ ಈಗ ಸಡಿಲವಾಗಿದೆ. ಐದಾರು ತಿಂಗಳದ್ದು ಸಾಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ. ಎಷ್ಟೇ ಇರಲಿ, ಆ ಹಣವನ್ನು ಮುಟ್ಟದೆ ಠೇವಣಿಯಲ್ಲಿಡಿ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದಿದ್ದರೆ ಕರಾರಿನಲ್ಲೇ ಬರೆಯಿರಿ, ಹೊಸ್ತಿಲಲ್ಲಿ ನಿಂತು ಜಗಳವಾಡಬೇಡಿ. ಎಲ್ಲರೂ 11 ತಿಂಗಳ ಕರಾರು ಮಾಡುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಎಂಬುದು.

ಗೃಹಜ್ಯೋತಿಯ ಒಂದು ತೊಡಕು ಹೇಳಿಬಿಡುತ್ತೇನೆ. 2023ರಲ್ಲಿ ಬಂದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಆಧಾರ್ ಅನ್ನು ನಿಮ್ಮ ಮೀಟರಿನ ಆರ್‌ಆರ್ ಸಂಖ್ಯೆಗೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೋಡಿಸಿಕೊಳ್ಳಬಹುದು. ಮನೆ ಬಿಡುವಾಗ ಆ ಜೋಡಣೆಯನ್ನು ತೆಗೆಸದಿದ್ದರೆ ಮುಂದೆ ಬರುವವರಿಗೆ ಸವಲತ್ತು ಸಿಗುವುದಿಲ್ಲ, ದೂರು ನಿಮಗೆ ಬರುತ್ತದೆ. ಅಡ್ವಾನ್ಸ್ ವಾಪಸ್ ಕೊಡುವ ಮುನ್ನವೇ ಅದನ್ನು ತೆಗೆಸಿಕೊಳ್ಳಿ.

ನಿಮಗೆ ನನಗಿಲ್ಲದ ಒಂದು ಕಷ್ಟವಿದೆ. ನನ್ನ ಬಾಡಿಗೆದಾರರು ಬಾಡಿಗೆ ತಿಂಗಳಿಗೆ 50,000 ದಾಟಿದರೆ ಮಾತ್ರ ಟಿಡಿಎಸ್ (ಬಾಡಿಗೆ ಕೊಡುವಾಗಲೇ ಕಳೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು, ಅದೂ 2024ರ ಅಕ್ಟೋಬರಿನಿಂದ ಶೇ. 2 ಅಷ್ಟೇ. ಮಾಲೀಕ ಅನಿವಾಸಿಯಾದರೆ ಇಂಥ ಮಿತಿಯಿಲ್ಲ. ಸೆಸ್ ಸೇರಿ ಶೇ. 31.2 ಹಿಡಿದು ಕಟ್ಟಬೇಕು, ಅದಕ್ಕೆ ಬಾಡಿಗೆದಾರರೇ ತೆರಿಗೆ ಹಿಡಿದು ಕಟ್ಟುವವರಿಗೆಂದು ಇರುವ ಟ್ಯಾನ್ ಸಂಖ್ಯೆ ಮಾಡಿಸಬೇಕು. ಮನೆ ನೋಡಲು ಬಂದ ದಿನವೇ ಇದನ್ನು ಹೇಳಿ, ಆ ಕೆಲಸಕ್ಕೆ ಲೆಕ್ಕಪರಿಶೋಧಕರ ಖರ್ಚು ನೀವೇ ಕೊಡಿ. ಬಾಡಿಗೆ ನಿಮ್ಮ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳು ಭಾರತದ ಆದಾಯಕ್ಕೆಂದು ಇಲ್ಲಿ ಇಡುವ ಬ್ಯಾಂಕ್ ಖಾತೆಗೆ ಬರಲಿ. ರಿಟರ್ನ್ಸ್ ಸಲ್ಲಿಸುವಾಗ ಮೊದಲು ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ, ಆದ್ದರಿಂದ ಹಿಡಿದ ಹಣದಲ್ಲಿ ಒಂದು ಪಾಲು ವಾಪಸ್ ಬರಬಹುದು.

ಕೊನೆಗೆ ಲೆಕ್ಕ. ಮನೆಯ ಬೆಲೆ 90 ಲಕ್ಷ, ಬಾಡಿಗೆ 28,000, ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದುಕೊಂಡರೆ 3.08 ಲಕ್ಷ ಬರುತ್ತದೆ, ಶೇ. 3.4. ತೆರಿಗೆ, ದುರಸ್ತಿ ಕಳೆದರೆ ಬ್ಯಾಂಕ್ ಠೇವಣಿಯೇ ವಾಸಿ. ವಾಪಸ್ ಬಂದು ನೆಲೆಸುವ ಮನಸ್ಸಿದ್ದರೆ ಒಂದನ್ನು ಇಟ್ಟುಕೊಳ್ಳಿ. ಎರಡನ್ನು ದೂರದಿಂದ ಸಾಕುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ, ನಾನೂ ವಿದ್ಯಾರಣ್ಯಪುರದ್ದನ್ನು ಮಾರಲು ಇಟ್ಟಿದ್ದೇನೆ. ಮಾರುವುದಾದರೆ ಇ-ಖಾತೆಗೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಈಗಲೇ ಅರ್ಜಿ ಹಾಕಿಸಿ. ಅದಿಲ್ಲದೆ ಬೆಂಗಳೂರಿನಲ್ಲಿ ಕ್ರಯಪತ್ರ ನೋಂದಣಿಯಾಗುವುದಿಲ್ಲ.