ಹಿತ್ತಲಿಗೆ ಕಳೆ ಔಷಧಿ ಹೊಡೆಯಬಹುದಾ?

ಪ್ರಶ್ನೆ: ಮಳೆ ಬಂದಮೇಲೆ ನಮ್ಮ ಹಿತ್ತಲ ತುಂಬಾ ಗರಿಕೆ, ಜೇಕು. ನಡುವೆ ಕರಿಬೇವು, ದಾಸವಾಳ, ಸ್ವಲ್ಪ ತರಕಾರಿ ಇದೆ. ಪರಿಚಯದವರೊಬ್ಬರು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಕಳೆ ಔಷಧಿ ತಂದುಕೊಟ್ಟಿದ್ದಾರೆ. ಗ್ಲೈಫೋಸೇಟ್ ಇರಬೇಕು, ಮಣ್ಣಿಗೆ ಬಿದ್ದರೆ ಏನೂ ಆಗಲ್ಲ ಅಂತಾರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಹೊಡೆಯಬಹುದಾ?

ಉತ್ತರ: ಬೇಡಮ್ಮ. ಮೊದಲು ಆ ಬಾಟಲಿಗೆ 'ವಿಷ' ಎಂದು ದೊಡ್ಡದಾಗಿ ಬರೆದು, ಮಗುವಿನ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ಮೋರಿಗೆ ಸುರಿಯಬೇಡಿ. ಕೊಟ್ಟವರಿಗೇ ವಾಪಸ್ ಕೊಡಿ.

'ಇರಬೇಕು' ಅನ್ನುವ ಮಾತೇ ನನಗೆ ಭಯ ಹುಟ್ಟಿಸಿತು. ಪ್ಯಾರಾಕ್ವಾಟ್ ಕೂಡ ಕಳೆನಾಶಕವೇ. ಅದು ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವ ಹೋಗಬಹುದು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಅದಕ್ಕೆ ಪ್ರತ್ಯೌಷಧವೇ ಇಲ್ಲ. ಪಕ್ಕದ ಕೇರಳ 2011ರಲ್ಲೇ ಅದನ್ನು ನಿಷೇಧಿಸಿತು. ಲೇಬಲ್ ಇಲ್ಲದ ಬಾಟಲಿಯಲ್ಲಿ ಯಾವುದಿದೆ ಅಂತ ಹೇಗೆ ಹೇಳೋದು? ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ.

ಸರಿ, ಗ್ಲೈಫೋಸೇಟೇ ಇದ್ದರೆ? ಅದು ಗಿಡಗಳಲ್ಲಿರುವ, ನಮ್ಮ ಮೈಯಲ್ಲಿಲ್ಲದ ಒಂದು ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಪ್ಯಾರಾಕ್ವಾಟ್‌ನಷ್ಟು ಘೋರವಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತು. ಅಮೆರಿಕ, ಯುರೋಪಿನ ನಿಯಂತ್ರಣ ಸಂಸ್ಥೆಗಳು ಒಪ್ಪಿಲ್ಲ. ಈ ಜಗಳ ಮುಗಿಯುವವರೆಗೆ ಮಗು ಆಡುವ ಜಾಗದಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ನಮ್ಮ ಕೇಂದ್ರ ಸರ್ಕಾರವೂ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಇದನ್ನು ಬಳಸಬೇಕು ಎಂದು ಆದೇಶ ಹೊರಡಿಸಿತ್ತು.

ಮಣ್ಣಿಗೆ ಬಿದ್ದರೆ ಏನೂ ಆಗಲ್ಲ ಅನ್ನೋದು ಅರ್ಧ ಸತ್ಯ. ಗ್ಲೈಫೋಸೇಟ್ ಮಣ್ಣಿಗೆ ಅಂಟಿಕೊಳ್ಳುತ್ತದೆ, ಬೇರು ಅದನ್ನು ಅಷ್ಟಾಗಿ ಹೀರಲ್ಲ. ಎಲೆಗೆ ತಾಗಿದರೆ ಮಾತ್ರ ಬೇರಿನ ತನಕ ಇಳಿಯುತ್ತದೆ. ನಿಮ್ಮ ಕರಿಬೇವಿನ ಸುತ್ತ ಬೇರಿನಿಂದ ಎದ್ದ ಮರಿಗಳಿರುತ್ತವಲ್ವಾ? ಕಳೆ ಅಂದುಕೊಂಡು ಒಂದು ಮರಿಗೆ ಹೊಡೆದರೂ ವಿಷ ತಾಯಿಗಿಡಕ್ಕೆ ಹೋಗಬಹುದು. ಗಾಳಿಗೆ ತೂರಿದ ಹನಿ ತರಕಾರಿಯನ್ನೂ ಸುಡುತ್ತದೆ.

ಗರಿಕೆಗೆ ನೆರಳು ಆಗಲ್ಲ. ಕಿತ್ತು, ಹಳೇ ರಟ್ಟು ಹಾಸಿ, ಮೇಲೆ ತರಗೆಲೆ ದಪ್ಪಗೆ ಹರಡಿ. ಜೇಕು ಹಟಮಾರಿ. ಅದರ ಮೊನೆ ರಟ್ಟನ್ನೂ ತೂರಿ ಬರುತ್ತದೆ. ಮಣ್ಣು ಹಸಿ ಇರುವಾಗ ಗಡ್ಡೆ ಸಮೇತ ಎತ್ತಿ. ಚಿಗುರಿದಾಗಲೆಲ್ಲ, ಎರಡು ಮೂರು ವಾರಕ್ಕೊಮ್ಮೆ, ಮತ್ತೆ ಕೀಳಿ. ಒಂದೇ ಮಳೆಗಾಲಕ್ಕೆ ಮುಗಿಯಲ್ಲ, ಆದರೆ ಗಡ್ಡೆ ಸೊರಗುತ್ತಾ ಬರುತ್ತದೆ. ಉಪ್ಪುನೀರು ಮಾತ್ರ ಹಾಕಬೇಡಿ, ಮಣ್ಣೇ ಕೆಡುತ್ತದೆ.